ವಿಮೆ ಇದ್ದ ಟ್ರ್ಯಾಕ್ಟರ್

ಆ ಮನೆಯಲ್ಲಿ ಮೂರು ಟ್ರ್ಯಾಕ್ಟರ್ ಇದ್ದವು. ವಿಮೆ ಇದ್ದದ್ದು ಒಂದಕ್ಕೆ. ಮೂರರಲ್ಲಿ ಯಾವುದು ಯಾರಿಗೆ ಗುದ್ದಿದರೂ ಠಾಣೆಯ ಕಾಗದದಲ್ಲಿ ಗುದ್ದುತ್ತಿದ್ದದ್ದು ಆ ಒಂದೇ. ಸಿರುಗುಪ್ಪ ತಾಲ್ಲೂಕಿನ ಆ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಸುತ್ತಲಿನ ಊರಿನವರು ತಮ್ಮಲ್ಲಿ ಹೀಗೆಲ್ಲ ನಡೆಯುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ಸಮಾಧಾನಕ್ಕೆ ಅವರು ಅರ್ಹರಲ್ಲ.

ಊರಿನ ಚಹಾದಂಗಡಿಯಲ್ಲಿ ಇದು ಗುಟ್ಟಾಗಿರಲಿಲ್ಲ. ಕಾಲುವೆ ನೀರಿನ ಸುದ್ದಿ ಮಾಡಲು ಹೋಗಿದ್ದಾಗ ಒಬ್ಬಾತ ನನಗೆ ಆ ಟ್ರ್ಯಾಕ್ಟರ್ ತೋರಿಸಿದ್ದ. ತಾಡಪಾಲು ಹೊದ್ದು ಶೆಡ್ಡಿನಲ್ಲಿ ನಿಂತಿತ್ತು.

"ಆ ಗಾಡಿ ಗಾಚಾರ ನೆಟ್ಟಗಿಲ್ಲ ನೋಡ್ರಿ ಸರ," ಎಂದ. "ನಿಂತಲ್ಲೇ ಎರಡು ಮಂದಿಗೆ ಗುದ್ದೈತಿ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಸುದ್ದಿ ಮಾಡಲಿಲ್ಲ. ಹೇಳಿದವನು ಹೆಸರು ಕೊಡುವುದಿಲ್ಲ ಎಂದ, ಕಾಗದ ತೋರಿಸುವವರು ಯಾರೂ ಇರಲಿಲ್ಲ. ಹೆಸರಿಲ್ಲದ, ಕಾಗದವಿಲ್ಲದ ಮಾತನ್ನು ಬರೆಯಬಾರದು ಎಂದು ಬಳ್ಳಾರಿಯ ಪತ್ರಿಕಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಲಿತಿದ್ದೇನೆ. ಒಳ್ಳೆಯ ನಿಯಮ. ಅದರ ನೆರಳಿನಲ್ಲಿ ಬಹಳ ಜನ ಸುಖವಾಗಿ ಬದುಕುತ್ತಾರೆ.

ಮೂರನೆಯದಾಗಿ ಗುದ್ದಿಸಿಕೊಂಡವಳು ನಮ್ಮ ಅಕ್ಕ.

ಅಕ್ಕನ ಮನೆ ಕುರುಗೋಡಿನಲ್ಲಿ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯವರು ಕತ್ತರಿಸಿದ ಬಟ್ಟೆಯನ್ನು ಗಂಟು ಕಟ್ಟಿ ಕಳಿಸುತ್ತಾರೆ, ಮನೆಯಲ್ಲೇ ಹೊಲಿದು ಕೊಡಬೇಕು. ಅಕ್ಕನಿಗೆ ಬರುತ್ತಿದ್ದದ್ದು ಹಿಂದಿನ ಜೇಬು. ಹದಿನೈದು ವರ್ಷ ಅವಳು ಹಿಂದಿನ ಜೇಬು ಬಿಟ್ಟು ಬೇರೆ ಏನನ್ನೂ ಹೊಲಿದಿಲ್ಲ. ಜೀನ್ಸ್ ಬಟ್ಟೆ ಭಾರ. ಸೂಜಿಯ ಕೆಳಗೆ ಅದನ್ನು ಗರಕ್ಕನೆ ತಿರುಗಿಸಲು ಬಲ ಮೊಣಕೈಯಲ್ಲಿ ಕಸುವು ಬೇಕು. ಅವಳ ಕೈಯಲ್ಲಿ ಅದಿತ್ತು. ನಮ್ಮ ಮಾಮ, ಅಂದರೆ ಅವಳ ಗಂಡ, ಗೊಬ್ಬರದಂಗಡಿಯಲ್ಲಿ ಗುಮಾಸ್ತ. ಸಂಭಾವಿತ. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಅವರು ಹೇಳಿದ್ದೇ ಸರಿ ಇರಬೇಕು ಎಂದುಕೊಳ್ಳುವ ಸ್ವಭಾವ.

ಆ ದಿನ ಇಬ್ಬರೂ ಸಿರುಗುಪ್ಪದಲ್ಲಿ ನೆಂಟರ ಮನೆಯ ಬಸುರಿ ಹುಡುಗಿಯ ಕುಬಸ ಮುಗಿಸಿ ಬೈಕಿನಲ್ಲಿ ವಾಪಸು ಹೊರಟಿದ್ದರು. ಸಂಜೆ ಆರು ಗಂಟೆ. ದೇಶನೂರು ದಾಟಿದ ಮೇಲೆ, ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಗದ್ದೆಯ ದಾರಿಯಿಂದ ಹಿಂದುಮುಂದು ನೋಡದೆ ರಸ್ತೆಗೆ ಹತ್ತಿತು. ಮಾಮ ತಪ್ಪಿಸಿದ. ಟ್ರ್ಯಾಕ್ಟರನ್ನು ತಪ್ಪಿಸಿದ, ಅದರ ಹಿಂದಿನ ಟ್ರೇಲರನ್ನು ತಪ್ಪಿಸಲಾಗಲಿಲ್ಲ. ಟ್ರೇಲರಿನ ಕಬ್ಬಿಣದ ಮೂಲೆ ಅಕ್ಕನ ಬಲ ಮೊಣಕೈಗೆ ಬಡಿಯಿತು. ಮೂಳೆ ಮೂರು ಕಡೆ ಮುರಿಯಿತು. ಮಾಮನಿಗೆ ಮಂಡಿ ತರಚಿತು, ಅಷ್ಟೇ.

ಟ್ರ್ಯಾಕ್ಟರಿಗೆ ಹಿಂದೆ ಮುಂದೆ ಎಲ್ಲೂ ನಂಬರ್ ಇರಲಿಲ್ಲ. ಟ್ರೇಲರಿಗೆ ಹಿಂದಿನ ದೀಪವೂ ಇರಲಿಲ್ಲ. ದೀಪ ಇರಬೇಕಾದ ಕಡೆ ಕೆಂಪು ಬಟ್ಟೆ ಕಟ್ಟಿದ್ದರು. ರಸ್ತೆಯ ಮೇಲೆ ಬಿದ್ದಿದ್ದ ಅಕ್ಕ ನೋಡಿದ್ದು ಅದನ್ನೇ. ಹಳೆಯ ಲಂಗದ ಅಂಚು, ಅಂಚಿಗೆ ಹಳದಿ ದಾರದ ಹೊಲಿಗೆ. "ದಾರ ಮ್ಯಾಚ್ ಮಾಡಿಲ್ಲ," ಎಂದು ಆ ನೋವಿನಲ್ಲೂ ಅನಿಸಿತಂತೆ. ಡ್ರೈವರ್ ಇಳಿದು ನೋಡಿ, ಮತ್ತೆ ಹತ್ತಿ ಹೋದ. ಅವನನ್ನು ಗುರುತಿಸಿದ ದಾರಿಹೋಕರು ಟ್ರ್ಯಾಕ್ಟರ್ ಯಾರ ಮನೆಯದು ಎಂದು ಮಾಮನಿಗೆ ಹೇಳಿದರು. ಪೊಲೀಸರಿಗೆ ಹೇಳಲು ಒಬ್ಬರೂ ತಯಾರಿರಲಿಲ್ಲ.

ಆ ಹೊತ್ತಿಗೆ ನಾನು ಬಳ್ಳಾರಿಯ ಕಚೇರಿಯಲ್ಲಿ ಕೂತು ರೈತರ ಪ್ರತಿಭಟನೆಯ ವರದಿ ಬರೆಯುತ್ತಿದ್ದೆ. ಕಾಲುವೆಗೆ ನೀರು ಬಿಡಬೇಕೆಂದು ತಾಲ್ಲೂಕುಗಳಿಂದ ಟ್ರ್ಯಾಕ್ಟರುಗಳು ಬಂದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಸಾಲುಗಟ್ಟಿದ್ದವು. ಐದೂವರೆಗೆ ಮನವಿ ಕೊಟ್ಟರು. ನಮ್ಮ ಛಾಯಾಗ್ರಾಹಕ ತೆಗೆದ ಫೋಟೊ ಚೆನ್ನಾಗಿ ಬಂದಿತ್ತು. ಮುಂದಿನ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಹಸಿರು ಶಾಲಿನ ಒಬ್ಬ ದಪ್ಪ ಮನುಷ್ಯ ಕೈ ಎತ್ತಿ ನಿಂತಿದ್ದ. "ಇದು ಮೊದಲ ಪುಟಕ್ಕೆ," ಎಂದೆ. ಅಡಿಬರಹವನ್ನೂ ನಾನೇ ಬರೆದೆ. ಅಷ್ಟರಲ್ಲಿ ಮಾಮನ ಫೋನು ಬಂತು.

ಆಸ್ಪತ್ರೆಯಲ್ಲಿ, ಅಪಘಾತವಾದವರ ವಿವರ ಬರೆಯುವ ದಪ್ಪ ಪುಸ್ತಕದಲ್ಲಿ ಹೀಗೆ ಬರೆದುಕೊಂಡರು: ಟ್ರ್ಯಾಕ್ಟರ್ ಡಿಕ್ಕಿ, ನಂಬರ್ ತಿಳಿದಿಲ್ಲ. ಅದು ನಿಜವಾಗಿತ್ತು. ಆ ಇಡೀ ವ್ಯವಹಾರದಲ್ಲಿ ಕಾಗದಕ್ಕೆ ಬಿದ್ದ ಮೊದಲ ನಿಜ. ನಂಬರ್ ತಿಳಿದಿಲ್ಲ ಎಂಬ ಆ ಮಾತಿನಲ್ಲಿ ಒಂದು ಖಾಲಿ ಜಾಗ ಇತ್ತು. ಅದನ್ನು ತುಂಬುವ ಮನುಷ್ಯ ಮರುದಿನ ಬೆಳಿಗ್ಗೆಯೇ ವಾರ್ಡಿಗೆ ಬಂದ.

ಆತ ಪಂಚಾಯ್ತಿಯ ಮಾಜಿ ಸದಸ್ಯ. ಹಣೆಯ ತುಂಬ ವಿಭೂತಿ, ಬಗಲಲ್ಲಿ ಜೆರಾಕ್ಸ್ ಪ್ರತಿಗಳು ತುಂಬಿದ ಬಟ್ಟೆಯ ಚೀಲ. ಅಪಘಾತಗಳಲ್ಲಿ ಎರಡೂ ಕಡೆಯವರನ್ನು ಕೂಡಿಸಿ ರಾಜಿ ಮಾಡಿಸುವುದೇ ಅವನ ಕೆಲಸ. ಅಕ್ಕನಿಗೆ ಎರಡು ಡಜನ್ ಬಾಳೆಹಣ್ಣು ತಂದಿದ್ದ. ಬಲಗೈ ಮುರಿದವರಿಗೆ ಬಾಳೆಹಣ್ಣು ಸುಲಿಯಲು ಬರುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

"ಅಕ್ಕಾರ, ಹೆದರಬ್ಯಾಡ್ರಿ. ಆಗೋದು ಆಗಿ ಹೋತು," ಎಂದ. "ಗಾಡಿ ಸಾವ್ಕಾರ್ರು ಚಲೋ ಮನಷ್ಯಾ. ದವಾಖಾನಿ ಮಟ್ಟಿಗೆ ನೋಡಿಕೊಂತಾರ. ಮುಂದಿಂದು ಇನ್ಶೂರೆನ್ಸ್‌ನವರು ಕೊಡ್ತಾರ. ಯಾರಿಗೂ ಲುಕ್ಸಾನಿಲ್ಲ."

"ಆ ಗಾಡಿಗೆ ಇನ್ಶೂರೆನ್ಸ್ ಐತೇನ್ರಿ?" ಎಂದು ನಾನು ಕೇಳಿದೆ.

"ಗುದ್ದಿದ ಗಾಡಿಗೆ ಇಲ್ರಿ ಸರ. ಇರೋ ಗಾಡಿ ಗುದ್ದಿತು ಅಂತ ಬರಸೋಣು. ಎಲ್ಲಾರೂ ಹಂಗ ಮಾಡ್ತಾರ."

ಎಲ್ಲರೂ ಹಾಗೆ ಮಾಡುತ್ತಾರೆ ಎಂದು ಹೇಳುವಾಗ ಆತನ ದನಿಯಲ್ಲಿ ನಾಚಿಕೆ ಇರಲಿಲ್ಲ. ಸುಳ್ಳಿನದೂ ಒಂದು ಸೊಬಗು ಇರುತ್ತದೆ, ಹೇಳುವವನು ಸ್ವಲ್ಪ ಕಷ್ಟಪಟ್ಟರೆ. ಇಲ್ಲಿ ಅದೂ ಇರಲಿಲ್ಲ. ಅರ್ಜಿ ನಮೂನೆ ತುಂಬಿಸುವ ಹಾಗೆ ಮಾತಾಡುತ್ತಿದ್ದ. ಟ್ರ್ಯಾಕ್ಟರ್ ಬದಲು, ಡ್ರೈವರನೂ ಬದಲು. ನಿಜವಾಗಿ ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲ. ಬದಲಾಗದೆ ಉಳಿಯುವುದು ಅಕ್ಕನ ಮೊಣಕೈ ಒಂದೇ.

ಮಾಮ ಏನೋ ಹೇಳಲು ಬಾಯಿ ತೆರೆದ. ಆತ ಅವನ ಕಡೆ ತಿರುಗಿ, "ಅಣ್ಣಾರ, ನಿಮ್ಮ ಬೈಕಿಂದು ಯಾವಾಗ ಮುಗದೈತ್ರಿ?" ಎಂದು ಮೆಲ್ಲಗೆ ಕೇಳಿದ.

ಮಾಮನ ಬೈಕಿನ ವಿಮೆ ಮುಗಿದು ಎಂಟು ತಿಂಗಳಾಗಿತ್ತು. ಇದನ್ನೂ ಬರೆಯಲೇಬೇಕು. ರಸ್ತೆಯಲ್ಲಿ ಎದುರುಬದುರಾದ ಎರಡೂ ಗಾಡಿಗಳು ಒಂದೇ ನಂಬಿಕೆಯ ಮೇಲೆ ಓಡುತ್ತಿದ್ದವು: ನಮಗೇನೂ ಆಗುವುದಿಲ್ಲ. ಮಾಮ ಬಾಯಿ ಮುಚ್ಚಿದ. ಮುಂದೆ ಹತ್ತು ದಿನ ತೆರೆಯಲಿಲ್ಲ.

ಡಾಕ್ಟರು ಮೊಣಕೈಗೆ ಪ್ಲೇಟು ಕೂಡಿಸಿ, ಇನ್ನೊಂದು ಆಪರೇಷನ್ ಬೇಕಾಗುತ್ತದೆ ಎಂದರು. ಅದು ಆದರೆ ಕೈ ಮುಕ್ಕಾಲು ಪಾಲು ಮಡಿಚಬಹುದು, ತಡವಾದರೆ ಇದ್ದಲ್ಲೇ ಬಿಗಿಯುತ್ತದೆ. ಅಕ್ಕ ಒಂದೇ ಪ್ರಶ್ನೆ ಕೇಳಿದಳು: "ಮಷಿನ್ ಮುಂದ ಕುಂದರಬಹುದೇನ್ರಿ?" ಡಾಕ್ಟರು ನೇರ ಉತ್ತರ ಕೊಡಲಿಲ್ಲ. ಅಂದಿನಿಂದ ನಮ್ಮ ಲೆಕ್ಕಕ್ಕೆ ಇದ್ದದ್ದು ಅದೊಂದೇ. ಆ ಕೈ ಮತ್ತೆ ಮಷಿನ್ನಿನ ಮೇಲೆ ಆಡಬೇಕು. ಆಡಬೇಕಾದರೆ ಬೇಗ ಖರ್ಚು ಮಾಡಬೇಕು, ಖರ್ಚಿಗೆ ದಾರಿ ತೋರಿಸುತ್ತಿದ್ದವನು ಈ ವಿಭೂತಿಯ ಮನುಷ್ಯ ಒಬ್ಬನೇ.

ಅಕ್ಕ ಮೊದಲು ಒಪ್ಪಿದಳು. ನಾನು ಬೇಡ ಎನ್ನಲಿಲ್ಲ. ಸತ್ಯ ಹೇಳಿದರೆ ಸಿಗುವುದು ಆ ಸಾವ್ಕಾರನೇ ಪರಿಹಾರ ಕೊಡಬೇಕೆಂಬ ಕೋರ್ಟಿನ ಆದೇಶ, ವರ್ಷಗಟ್ಟಲೆ ಬೆನ್ನುಹತ್ತಿದರೂ ಅವನಿಂದ ಏನೂ ಹುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಂಥ ಆದೇಶ ಕೈಯಲ್ಲಿ ಹಿಡಿದವರ ಸುದ್ದಿಗಳನ್ನು ನಾನೇ ಬರೆದಿದ್ದೇನೆ, ಒಳಪುಟದಲ್ಲಿ, ಎರಡು ಪ್ಯಾರಾ.

ಮಧ್ಯಸ್ಥ ಅಕ್ಕನಿಗೆ ಒಂದು ಚೀಟಿ ಕೊಟ್ಟ. ವಿಮೆ ಇದ್ದ ಟ್ರ್ಯಾಕ್ಟರಿನ ನಂಬರ್. "ಬಾಯಿಪಾಠ ಮಾಡ್ರಿ ಅಕ್ಕಾರ. ಪೊಲೀಸ್ನವರು ಕೇಳಿದಾಗ ಚೀಟಿ ನೋಡಂಗಿಲ್ಲ. ಕೋರ್ಟಿನ್ಯಾಗೂ ಕೇಳ್ತಾರ. ತಡವರಿಸಿದ್ರ ಅನುಮಾನ ಬರ್ತೈತಿ."

ಅಕ್ಕ ಓದಿದ್ದು ಏಳನೆಯ ತರಗತಿ. ಕೊಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವಳು. ಮನೆಗೆ ಬಂದ ಮೇಲೆ ಊತ ಇಳಿಯಲೆಂದು ಬೆರಳು ಮಡಿಚಿ ಬಿಡಿಸುವ ವ್ಯಾಯಾಮ ಕೊಟ್ಟಿದ್ದರು. ಒಂದೊಂದು ಬೆರಳಿಗೆ ಒಂದೊಂದು ಅಂಕಿ ಹೇಳುತ್ತಿದ್ದಳು. ಕೆಎ ಮೂವತ್ತನಾಲ್ಕು, ಆಮೇಲೆ ಉಳಿದದ್ದು. ಪಕ್ಕದ ಮನೆಯವಳು ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡಿದ್ದಳು.

ಹತ್ತನೆಯ ದಿನ ಸಾವ್ಕಾರನ ಮನೆಯಲ್ಲಿ ಕೂಡಿದೆವು. ಮರುದಿನ ದೂರು ಕೊಡುವುದೆಂದು, ಅದಕ್ಕೆ ಮೊದಲು ಮಾತೆಲ್ಲ ಒಮ್ಮೆ ಸರಿಮಾಡಿಕೊಳ್ಳುವುದೆಂದು ಮಧ್ಯಸ್ಥ ಕರೆದಿದ್ದ. ನಾನು, ಮಾಮ, ಕೈಯನ್ನು ಕೊರಳಿಗೆ ತೂಗುಹಾಕಿಕೊಂಡ ಅಕ್ಕ. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಸಾವ್ಕಾರ ಬಂದು ಎದುರಿಗೆ ಕೂತ. ದಪ್ಪ ಮನುಷ್ಯ, ತಣ್ಣಗೆ ಮಾತಾಡುವವ. ಅಕ್ಕನ ಕೈ ನೋಡಿ, "ಭಾಳ ಪೆಟ್ಟಾಗೈತಿ ಪಾಪ," ಎಂದ. ಯಾರೋ ಮೂರನೆಯವರು ಮಾಡಿದ ಕೆಲಸದ ಬಗ್ಗೆ ಹೇಳುವ ಹಾಗಿತ್ತು. ಇಬ್ಬರನ್ನೂ ಎಲ್ಲೋ ನೋಡಿದ್ದೇನೆ ಎಂದು ನನಗೆ ಅನಿಸಿತು, ಅವನನ್ನೂ ಅವನ ಹೊಟ್ಟೆಯನ್ನೂ. ನೆನಪಾಗಲಿಲ್ಲ.

ಚಹಾ ಬಂತು. ಮಧ್ಯಸ್ಥ ಪರೀಕ್ಷೆ ಮಾಡುವ ಮಾಸ್ತರನಂತೆ ಅಕ್ಕನ ಕಡೆ ತಿರುಗಿದ.

"ಹೇಳ್ರಿ ಅಕ್ಕಾರ. ಯಾವ ಗಾಡಿ ಗುದ್ದಿತು?"

ಅಕ್ಕ ಹೇಳಲು ತಲೆ ಎತ್ತಿದಳು. ಎತ್ತಿದವಳು ಅವನ ತಲೆಯ ಮೇಲಿನ ಗೋಡೆಯನ್ನೇ ನೋಡುತ್ತ ಕೂತಳು. ಅಂಕಿಗಳನ್ನು ಒಂದೊಂದಾಗಿ ಹೇಳಿದಳು. ಬಾಯಿಪಾಠ ಒಪ್ಪಿಸುವ ಹಾಗೆ ಇರಲಿಲ್ಲ, ಓದುವ ಹಾಗಿತ್ತು.

"ಶಭಾಷ್," ಎಂದ ಮಧ್ಯಸ್ಥ. "ಒಂದೂ ತಪ್ಪಿಲ್ಲ."

"ತಪ್ಪೋದೆಂಗ್ರಿ," ಎಂದಳು ಅಕ್ಕ. "ಅಲ್ಲಿ ಬರದೈತಲ್ಲ."

ಎಲ್ಲರೂ ತಿರುಗಿ ನೋಡಿದೆವು. ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲೇ, ಒಂದೂವರೆ ಅಡಿ ಅಗಲದ ಬಂಗಾರ ಬಣ್ಣದ ಕಟ್ಟಿನೊಳಗೆ ನಮ್ಮ ಪತ್ರಿಕೆಯ ಮೊದಲ ಪುಟ ಇತ್ತು. ಜಿಲ್ಲಾಧಿಕಾರಿ ಕಚೇರಿ, ಹಸಿರು ಶಾಲು, ಎತ್ತಿದ ಕೈ. ಅವನ ಕಾಲಿನ ಕೆಳಗೆ, ಯಾರು ಬೇಕಾದರೂ ಓದುವಂತೆ, ನಂಬರ್ ಪ್ಲೇಟು. ಮೇಲೆ ಪತ್ರಿಕೆಯ ತಾರೀಖು. ಕೆಳಗೆ ನನ್ನ ಅಡಿಬರಹ: ಮಂಗಳವಾರ ಸಂಜೆ ಮನವಿ ಸಲ್ಲಿಸಿದರು.

ಅಕ್ಕನ ಕೈ ಮುರಿದದ್ದು ಅದೇ ಮಂಗಳವಾರ ಸಂಜೆ, ಅಲ್ಲಿಂದ ಐವತ್ತು ಕಿಲೋಮೀಟರ್ ಆಚೆ.

ಆಗಿದ್ದು ಇಷ್ಟು. ಊರಿನ ರಸ್ತೆಯಲ್ಲಿ ಯಾರೂ ಕಾಗದ ಕೇಳುವುದಿಲ್ಲ, ಅಲ್ಲಿಗೆ ಕಾಗದವಿಲ್ಲದ ಗಾಡಿ ಸಾಕು. ಬಳ್ಳಾರಿಯಲ್ಲಿ ಪೊಲೀಸರು ತಡೆದು ಕೇಳುತ್ತಾರೆ. ಆದ್ದರಿಂದ ಸಾವ್ಕಾರ ಪ್ರತಿಭಟನೆಗೆ ತನ್ನ ಒಂದೇ ಒಂದು ಸರಿಯಾದ ಟ್ರ್ಯಾಕ್ಟರನ್ನು, ತಾಡಪಾಲು ತೆಗೆದು, ತೊಳೆದು, ಹೂವು ಹಾಕಿ ಕಳಿಸಿದ್ದ. ಎಲ್ಲ ಅಪಘಾತಗಳನ್ನೂ ಹೊತ್ತುಕೊಳ್ಳಬೇಕಾದ ಆ ಗಾಡಿ ಜೀವಮಾನದಲ್ಲಿ ಒಂದು ದಿನ ಊರು ಬಿಟ್ಟು ಹೋದಾಗಲೇ ಇಲ್ಲಿ ಅಪಘಾತವಾಗಿತ್ತು. ಅದೂ ಫೋಟೊ ಹಿಡಿಸಿಕೊಂಡು. ಅದೂ ಮೊದಲ ಪುಟದಲ್ಲಿ.

ಪುಟ ಮಾಡಿಸಿದವನು ನಾನು. ಅಡಿಬರಹ ಬರೆಯುವಾಗ ನಾನು ನಂಬರ್ ಓದಿರಲಿಲ್ಲ. ಅಕ್ಕನ ಬೆರಳುಗಳ ಮೇಲೆ ದಿನಗಟ್ಟಲೆ ಅದೇ ಅಂಕಿಗಳನ್ನು ಕೇಳಿಸಿಕೊಂಡೂ ಹೊಳೆಯಲಿಲ್ಲ. ಬೇರೆಯವರ ಮೈಗಳ್ಳತನದ ಬಗ್ಗೆ ಬರೆಯುವಾಗ ಇದನ್ನು ಬಿಟ್ಟರೆ ಆಗುವುದಿಲ್ಲ.

ಸಾವ್ಕಾರನಿಗೆ ಮಾತ್ರ ಸಂಗತಿ ಇನ್ನೂ ತಲೆಗೆ ಹೋಗಿರಲಿಲ್ಲ. "ಹೂನ್ರಿ, ನಾನs ಅದು," ಎಂದ ನಗುತ್ತ. "ಎಲ್ಲಾರೂ ಚಲೋ ಬಂದೈತಿ ಅಂದ್ರು. ಕಟ್ಟು ಹಾಕಿಸೀನಿ."

"ಚಲೋ ಬಂದೈತ್ರಿ," ಎಂದಳು ಅಕ್ಕ. "ಗಾಡಿನೂ ಚಲೋ ಕಾಣಸ್ತೈತಿ."

ಮಧ್ಯಸ್ಥನ ಮುಖ ಸಣ್ಣಗಾಯಿತು, ಆದರೆ ಅರ್ಧ ನಿಮಿಷದ ಮಟ್ಟಿಗೆ. ಅಂಥವರಿಗೆ ಅಷ್ಟು ಹೊತ್ತು ಸಾಕು. "ಪಟ ಕೆಳಗ ಇಳಿಸಿದ್ರ ಆತು," ಎಂದ. ನಾನು, ನಮ್ಮ ಕಚೇರಿಯಲ್ಲಿ ಪತ್ರಿಕೆಯ ಎಲ್ಲ ಸಂಚಿಕೆ ಹೊಲಿದು ಇಟ್ಟಿರುತ್ತಾರೆ, ಗ್ರಂಥಾಲಯದಲ್ಲೂ ಇರುತ್ತದೆ, ವಿಮೆ ಕಂಪನಿಯವರು ತನಿಖೆಗೆ ಜನ ಇಟ್ಟಿರುತ್ತಾರೆ ಎಂದೆ. ಆತ ಸ್ವಲ್ಪ ಯೋಚಿಸಿ ಚಹಾ ಬಟ್ಟಲು ಕೆಳಗಿಟ್ಟ.

"ಸರ, ನಿಮ್ಮ ಪೇಪರಿನ್ಯಾಗ ತಪ್ಪಾದ್ರ ತಿದ್ದುಪಡಿ ಅಂತ ಹಾಕ್ತೀರಲ್ರಿ?"

"ಹಾಕ್ತೀವಿ."

"ಹಂಗಾದ್ರ ಒಂದೆರಡು ಸಾಲು ಹಾಕಿಬಿಡ್ರಿ. ಆ ದಿನ ಹಾಕಿದ್ದು ಹಳೇ ಫೋಟೊ ಅಂತ. ನಿಮ್ಮ ಅಕ್ಕಾರ ಸಲುವಾಗಿ. ಬ್ಯಾರೇದವರ ಸಲುವಾಗಿ ಕೇಳಾಕ ಹತ್ತಿಲ್ಲ."

ನಾನು ಆಗುವುದಿಲ್ಲ ಎಂದು ಕೂಡಲೇ ಹೇಳಲಿಲ್ಲ. ನೋಡೋಣ ಎಂದೆ. ನನ್ನ ಕೈಯಲ್ಲಿದ್ದ ಕೆಲಸ ಅದು, ಎರಡು ಸಾಲು, ಐದು ನಿಮಿಷ. ಒಳಪುಟದ ಮೂಲೆಯ ತಿದ್ದುಪಡಿಯನ್ನು ಪ್ರೂಫ್ ನೋಡುವವನೂ ಸರಿಯಾಗಿ ಓದುವುದಿಲ್ಲ. ಅದರಿಂದ ಅಕ್ಕನ ಕೈಗೆ ಆಪರೇಷನ್ ಆಗುತ್ತದೆ. ಇಪ್ಪತ್ತು ವರ್ಷದ ಶಿಸ್ತಿಗೆ ನಾನು ಎಷ್ಟು ಬೆಲೆ ಕಟ್ಟಿದ್ದೆ ಎಂಬುದು ಆ ಜಮಖಾನದ ಮೇಲೆ ನನಗೆ ತಿಳಿಯಿತು. ಹೆಚ್ಚೇನೂ ಅಲ್ಲ.

ವಾಪಸು ಬರುವಾಗ ಆಟೋ ಸಿರಿಗೇರಿಯಲ್ಲಿ ನಿಂತಿತು. ಮಾಮ ನೀರು ತರಲು ಇಳಿದ. ಅಕ್ಕ ಕೇಳಿದಳು.

"ಹಾಕ್ತೀಯೇನಲೇ ತಮ್ಮಾ, ಅಂವ ಹೇಳಿದ್ದು?"

"ಎರಡs ಸಾಲು. ಯಾರೂ ಓದಂಗಿಲ್ಲ."

"ಯಾರೂ ಓದಂಗಿಲ್ಲ ಅಂದ್ರ ಅಂವ ಯಾಕ ಕೇಳ್ತಾನ?"

ಅಕ್ಕ ನನ್ನ ಕಡೆ ತಿರುಗಿ ಕೂತಳು.

"ಎರಡು ಮಂದಿಗೆ ಹಿಂಗ ಮಾಡ್ಯಾರಂತ, ಇಷ್ಟು ದೊಡ್ಡ ಮನಿ, ಇಷ್ಟು ದೊಡ್ಡ ಮಂದಿ," ಎಂದಳು. "ಆ ಗಾಡಿ ಎಲ್ಲಿತ್ತು ಅನ್ನೋದನ್ನ ಗ್ವಾಡಿಗೆ ಮೊಳಿ ಹೊಡದು ತೂಗು ಹಾಕ್ಯಾರ. ಅದರ ಕೆಳಗs ಕುಂದರಿಸಿ ಸುಳ್ಳು ಕಲಸ್ತಾರ. ಇಷ್ಟು ದಡ್ಡರನ್ನ ನಂಬಿ ನಾನು ಕೋರ್ಟಿನ್ಯಾಗ ಆಣಿ ಮಾಡ್ಲೇನು? ನಾಳಿಗೆ ಸಿಕ್ಕಿಬಿದ್ರ ಅವರು ಗಾಡಿ ಮ್ಯಾಲ ಹತ್ತಿ ಹೋಗ್ತಾರ. ಮುರುಕ ಕೈ ಇಟಗೊಂಡು ನಾ ಒಳಗ ಹೋಗ್ತೀನಿ."

"ಆಪರೇಷನ್ನು?"

"ಸರಕಾರಿ ದವಾಖಾನಿಗೆ ಬರಸು. ಪಾಳಿ ಬಂದಾಗ ಆಗಲಿ. ನೀ ಏನೂ ಹಾಕಬ್ಯಾಡ."

ಅವಳ ಮಾತಿನಲ್ಲಿ ಧರ್ಮ, ನ್ಯಾಯ ಎಂಬ ಶಬ್ದಗಳು ಬರಲಿಲ್ಲ. ಕೆಟ್ಟ ಹೊಲಿಗೆ ಕಂಡಾಗ ಬರುವ ತಾತ್ಸಾರವೇ ಅವಳ ದನಿಯಲ್ಲಿತ್ತು. ಅವಳಿಗೆ ಅಷ್ಟು ಸಾಕಾಯಿತು. ನನ್ನ ಶಿಸ್ತಿಗಿಂತ ಅದು ಗಟ್ಟಿಯಾಗಿತ್ತು.

ಮರುದಿನ ಅವಳು ದೂರು ಕೊಟ್ಟಳು. ನಂಬರ್ ಇರಲಿಲ್ಲ, ಟ್ರೇಲರಿಗೆ ಕೆಂಪು ಬಟ್ಟೆ, ಬಟ್ಟೆಗೆ ಹಳದಿ ದಾರ, ಗಾಡಿ ಇಂಥವರ ಮನೆಯದು. ಹೆಬ್ಬೆಟ್ಟು ಬೇಡ, ಎಡಗೈಯಿಂದ ಸಹಿ ಮಾಡುತ್ತೇನೆಂದು ಹಟ ಹಿಡಿದು ಮಾಡಿದಳು. ಪೊಲೀಸರು ಹೋಗುವ ಹೊತ್ತಿಗೆ ಸಾವ್ಕಾರನ ಕಡೆಯವರು ತಕ್ಕ ಸಿದ್ಧತೆ ಮಾಡಿಕೊಂಡಿದ್ದರು. ನಂಬರಿಲ್ಲದ ಟ್ರ್ಯಾಕ್ಟರಿನ ಚಕ್ರ ಬಿಚ್ಚಿ, ಇಟ್ಟಿಗೆಯ ಮೇಲೆ ನಿಲ್ಲಿಸಿ, ಇದು ಮೂರು ವರ್ಷದಿಂದ ಕೆಟ್ಟು ನಿಂತದ್ದು ಎಂದರು. ಬುದ್ಧಿವಂತಿಕೆ ಅಲ್ಲಿಗೆ ಮುಗಿದಿತ್ತು. ಪಕ್ಕದಲ್ಲೇ ನಿಂತ ಟ್ರೇಲರಿನಲ್ಲಿ ಹೊಸ ಭತ್ತದ ಕಾಳು ಉಳಿದಿತ್ತು, ಹಿಂದೆ ಕೆಂಪು ಬಟ್ಟೆ ಹಾಗೆಯೇ ಕಟ್ಟಿತ್ತು. ನಂಬರ್ ಬದಲಿಸಲು ಹತ್ತು ದಿನ ಓಡಾಡಿದವರಿಗೆ ಆ ಲಂಗದ ತುಂಡು ಬಿಚ್ಚುವುದು ಹೊಳೆದಿರಲಿಲ್ಲ. ಚಕ್ರ ಮತ್ತೆ ಹಾಕಿಸಿ ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಠಾಣೆಯ ಅಂಗಳಕ್ಕೆ ಎಳೆದು ತಂದರು. ಬಿಡಿಸಿಕೊಳ್ಳಲು ಸಾವ್ಕಾರ ವಕೀಲರ ಕೈಯಲ್ಲಿ ಒಂದು ವಿಮಾ ಪತ್ರ ಕಳಿಸಿದ. ಅಪಘಾತವಾಗಿ ಹನ್ನೆರಡನೆಯ ದಿನ ಮಾಡಿಸಿದ್ದು. ಕೆಟ್ಟು ನಿಂತ ಗಾಡಿಗೆ ವಿಮೆ ಯಾಕೆ ಮಾಡಿಸಿದಿರಿ ಎಂದು ಠಾಣೆಯವರು ಕೇಳಿದರಂತೆ.

ಸರಕಾರಿ ಆಸ್ಪತ್ರೆಯಲ್ಲಿ ಅಕ್ಕನ ಪಾಳಿ ಬಂದದ್ದು ಐದು ತಿಂಗಳ ಮೇಲೆ. ಡಾಕ್ಟರು ಚೆನ್ನಾಗಿಯೇ ಮಾಡಿದರು. ಆದರೆ ತಡವಾಗಿತ್ತು. ಕೈ ಅರ್ಧ ಮಡಿಚುತ್ತದೆ. ಹಿಂದಿನ ಜೇಬು ಹೊಲಿಯಲು ಅಷ್ಟು ಸಾಲದು. ಈಗ ಅವಳು ಹೊಲಿದು ಬಂದ ಜೇಬುಗಳ ದಾರದ ತುದಿ ಕತ್ತರಿಸುವ ಕೆಲಸ ಮಾಡುತ್ತಾಳೆ, ಎಡಗೈಯಲ್ಲಿ. ಬೇರೆಯವರ ಹೊಲಿಗೆ ನೋಡುತ್ತ ಕೂರುವುದೇ ಕೈ ನೋವಿಗಿಂತ ಹೆಚ್ಚು ಎಂದು ಒಮ್ಮೆ ಹೇಳಿದಳು.

ಪರಿಹಾರದ ಅರ್ಜಿಯ ವಿಚಾರಣೆ ಬಳ್ಳಾರಿಯ ನ್ಯಾಯಾಲಯದಲ್ಲಿ ಬಂತು. ಅಕ್ಕನ ಸಾಕ್ಷಿಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನನ್ನ ಮುಂದಿನ ಬೆಂಚಿನಲ್ಲಿ ಸಾವ್ಕಾರ, ಅವನ ಪಕ್ಕದಲ್ಲಿ ಅದೇ ಬಟ್ಟೆಚೀಲದ ಮಧ್ಯಸ್ಥ. ಸಾವ್ಕಾರನ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಚೌಕಾಕಾರದ ಏನೋ ಇತ್ತು. ಅವನ ವಕೀಲರು ಎದ್ದು ಅದನ್ನು ಬಿಚ್ಚಿಸಿದರು. ಬಂಗಾರ ಬಣ್ಣದ ಕಟ್ಟು.

ವಾದ ಸರಳವಾಗಿತ್ತು. ನಮ್ಮ ಕಕ್ಷಿದಾರರಿಗೆ ಓಡುವ ಟ್ರ್ಯಾಕ್ಟರ್ ಇರುವುದು ಒಂದೇ. ಆ ದಿನ, ಆ ಹೊತ್ತಿಗೆ, ಅವರೂ ಅವರ ಟ್ರ್ಯಾಕ್ಟರೂ ಬಳ್ಳಾರಿಯಲ್ಲಿದ್ದರು. ಪತ್ರಿಕೆಯೇ ಸಾಕ್ಷಿ. ಯಾವ ಪಟವನ್ನು ಸುಳ್ಳೆಂದು ನಾನು ಅಚ್ಚು ಹಾಕಬೇಕೆಂದು ಕೇಳಿದ್ದರೋ ಅದೇ ಪಟ ಈಗ ಸತ್ಯಕ್ಕೆ ಪ್ರಮಾಣವಾಗಿ ಬಂದಿತ್ತು. ಅವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮಧ್ಯಸ್ಥ ತಲೆ ಅಲ್ಲಾಡಿಸುತ್ತ ಕೇಳುತ್ತಿದ್ದ.

ವಕೀಲರು ಪಟವನ್ನು ಅಕ್ಕನ ಮುಂದೆ ಹಿಡಿದರು. "ಈ ಟ್ರ್ಯಾಕ್ಟರ್ ನಿಮಗೆ ಗುದ್ದಿಲ್ಲ, ಹೌದಲ್ಲ?"

"ಹೌದ್ರಿ. ಇದು ಗುದ್ದಿಲ್ಲ," ಎಂದಳು ಅಕ್ಕ.

ವಕೀಲರು ನ್ಯಾಯಾಧೀಶರ ಕಡೆ ನೋಡಿ ಕೂರಲು ಹೊರಟರು.

"ಇದು ಇನ್ಶೂರೆನ್ಸ್ ಇರೋ ಗಾಡಿರಿ," ಎಂದು ಅಕ್ಕ ಮುಂದುವರಿಸಿದಳು. "ನನಗ ಗುದ್ದಿದ್ದು ಇಲ್ಲದ್ದು." ಎಡಗೈಯಿಂದ ಪಟವನ್ನು ಮಗುಚಿ ಮೇಜಿನ ಮೇಲಿಟ್ಟಳು. ಆಮೇಲೆ ಬಲಗೈಯ ಬೆರಳುಗಳನ್ನು ಒಂದೊಂದಾಗಿ, ಮಡಿಚುವಷ್ಟು ಮಡಿಚುತ್ತ, ಕೆಎ ಮೂವತ್ತನಾಲ್ಕರಿಂದ ಹಿಡಿದು ಕೊನೆಯ ಅಂಕಿಯವರೆಗೆ ಹೇಳಿದಳು.

ನ್ಯಾಯಾಧೀಶರು ಪಟವನ್ನು ತರಿಸಿಕೊಂಡು ನೋಡಿದರು. "ನಿಮಗೆ ಗುದ್ದದ ಗಾಡಿಯ ನಂಬರ್ ನಿಮಗೆ ಬಾಯಿಪಾಠ ಹೇಗೆ ಬಂತಮ್ಮ?"

"ಇವರs ಮಾಡಿಸಿದ್ರು," ಎಂದಳು. ತಿರುಗಿ ಬೆಂಚಿನ ಕಡೆ ತೋರಿಸಿದಳು. "ಆ ವಿಭೂತಿಯವರು. ಈ ಪಟದ ಕೆಳಗs ಕುಂದರಿಸಿ ಒಪ್ಪಿಸಿಕೊಂಡ್ರು. ಇದು ಗುದ್ದಿತು ಅಂತ ಹೇಳಬೇಕಂತ. ಹೋಗವಲ್ತು ನೋಡ್ರಿ, ಇನ್ನೂ ಬಾಯಾಗs ಐತಿ. ಖರೇ ಗುದ್ದಿದ್ದಕ್ಕ ನಂಬರs ಇಲ್ಲ."

ಬೆರಳಚ್ಚು ಮಾಡುವವರು ಒಮ್ಮೆ ನಿಲ್ಲಿಸಿ ಅವಳ ಕಡೆ ನೋಡಿದರು. ನ್ಯಾಯಾಧೀಶರು ಆ ಮಾತನ್ನು ಮತ್ತೊಮ್ಮೆ ಹೇಳಿಸಿ, ಇದ್ದದ್ದು ಇದ್ದಂತೆ ಬರೆಯಿಸಿದರು. ಪಟಕ್ಕೆ ಗುರುತಿನ ಸಂಖ್ಯೆ ಹಾಕಿ ಕಡತಕ್ಕೆ ಸೇರಿಸಿಕೊಂಡರು. ಮಧ್ಯಸ್ಥ ಇದ್ದ ಜಾಗ ಖಾಲಿಯಾಗಿತ್ತು. ಯಾವಾಗ ಎದ್ದ ಎಂದು ನಾನೂ ನೋಡಲಿಲ್ಲ. ಮುಂದಿನ ತಾರೀಖು ಕೊಟ್ಟರು.

ಆದೇಶ ಇನ್ನೂ ಬಂದಿಲ್ಲ. ಬಂದರೆ ಸಾವ್ಕಾರನ ಮೇಲೆ ಬರುತ್ತದೆ. ಅವನ ಹೊಲ ಈಗ ತಮ್ಮನ ಹೆಸರಿಗೆ ಆಗಿದೆ ಎಂದು ಅವನ ಊರಿನ ಚಹಾದಂಗಡಿಯಲ್ಲಿ ಹೇಳುತ್ತಾರೆ. ಈ ಸಲ ನಾನು ನಗಲಿಲ್ಲ. ನೋಂದಣಿ ಕಚೇರಿಗೆ ಹೋಗಿ ಕಾಗದಕ್ಕೆ ಅರ್ಜಿ ಹಾಕಿ ಬಂದೆ.

ಅಕ್ಕ ಸಾಕ್ಷಿ ಹೇಳಿದ ದಿನ ನ್ಯಾಯಾಲಯದ ಮೆಟ್ಟಿಲ ಬಳಿ ನಾವು ಆಟೋಗೆ ಕಾಯುತ್ತಿದ್ದಾಗ ಸಾವ್ಕಾರ ಹಿಂದಿನಿಂದ ಬಂದ. ಕೈಯಲ್ಲಿ ಖಾಲಿ ಟವೆಲ್ಲು. ಏನೋ ಹೇಳಲು ಬಂದಿದ್ದಾನೆ, ಪಶ್ಚಾತ್ತಾಪವೋ ಬೆದರಿಕೆಯೋ ಎಂದುಕೊಂಡೆ. ಅವನು ನನ್ನನ್ನು ಸ್ವಲ್ಪ ಬದಿಗೆ ಕರೆದ.

"ಸರ, ಪಟ ಕೋರ್ಟಿನವರು ಇಟಗೊಂಡ್ರಲ್ರಿ," ಎಂದ. "ಗ್ವಾಡಿ ಭಣ ಭಣ ಅಂತೈತಿ. ನಿಮ್ಮ ಆಫೀಸಿನ್ಯಾಗ ಇನ್ನೊಂದು ಪ್ರತಿ ಸಿಗಬಹುದೇನ್ರಿ?"

ಅಕ್ಕ ಕೇಳಿಸಿಕೊಂಡಿದ್ದಳು. ಹೆಗಲಿನಿಂದ ಜಾರುತ್ತಿದ್ದ ಸೆರಗನ್ನು ಎಡಗೈಯಿಂದ ಸರಿಮಾಡಿಕೊಂಡು ಆಟೋ ಹತ್ತುತ್ತ ಹೇಳಿದಳು.

"ಕೊಡಲೇ ತಮ್ಮಾ. ದೊಡ್ಡದು ಮಾಡಿಸಿ ಕೊಡು. ನಂಬರ್ ಕಾಣಬೇಕು ನೋಡು ಮತ್ತ."